ಸ್ಕ್ರೂ ಇಲ್ಲದ ಸಾಮಾನು

ದೊಡ್ಡ ದೊಡ್ಡ ವಸ್ತುಗಳ ವಿಷಯವಾಗಿ ಬರೆಯುವವರು ನಮ್ಮ ಸಂಚಿಕೆಯಲ್ಲಿ ಪ್ರತಿವರ್ಷವೂ ಇದ್ದೇ ಇರುತ್ತಾರೆ. ಅಣೆಕಟ್ಟು, ಉಪಗ್ರಹ, ಮೆಟ್ರೋ ರೈಲು ಮೊದಲಾದುವುಗಳ ಮೇಲೆ ಲೇಖನಗಳಿಗೆ ಕೊರತೆಯಿಲ್ಲ. ನಾನು ಹೇಳಹೊರಟಿರುವುದಾದರೋ ಜೇಬಿನ ಮೂಲೆಯಲ್ಲಿ ಗಂಟುಬಿದ್ದು ಕುಳಿತಿರುವ ಸಾಮಾನುಗಳ ವಿಷಯ. ಇಯರ್‌ಫೋನು, ಚಾರ್ಜರು, ಅದರ ಕೇಬಲ್ಲು, ಕೊರಳಿಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡು, ಕಿವಿಯೊಳಗಿಡುವ ಇಯರ್‌ಬಡ್ಸು, ಇವು ಕೆಟ್ಟರೆ ಸರಿಮಾಡಿಸಿ ಬಳಸಬೇಕೆ, ಎಸೆದು ಹೊಸದನ್ನು ಕೊಳ್ಳಬೇಕೆ? ಸರಿಮಾಡಲು ಬರುವಂತೆ ಇವನ್ನು ತಯಾರಿಸಿರೆಂದು ಕೇಳುವುದರಲ್ಲಿ ಏನಾದರೂ ಅರ್ಥವುಂಟೆ? ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ಪುಟಗಳೇಕೆಂದು ಓದುಗರು ಹುಬ್ಬೇರಿಸಬಹುದು. ಈ ಪ್ರಶ್ನೆಯನ್ನು ನನಗೆ ಹಾಕಿದವರು ನಮ್ಮ ತಂದೆ. ಅವರು ಕೇಳಿದ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ, ಕೇಳಿ, ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಜಯನಗರದ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸಮೀಪದಲ್ಲಿ ನಮ್ಮ ತಂದೆಯವರದೊಂದು ಅಂಗಡಿಯಿದೆ. ಅಂಗಡಿಯೆಂದರೆ ಗೋಡೆಗೆ ಆನಿಸಿದ ಒಂದು ಮೇಜು, ಮೇಜಿನ ಮೇಲೊಂದು ಗಾಜಿನ ಪೆಟ್ಟಿಗೆ, ಅದರ ಮೇಲೊಂದು ದೊಡ್ಡ ಕೊಡೆ, ಅಷ್ಟೇ. ಕನಕಪುರದ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ ಬೆಂಗಳೂರಿಗೆ ಬಂದ ಅವರು ತಮ್ಮ ಸೋದರಮಾವನ ಕೈಕೆಳಗೆ ಕೈಗಡಿಯಾರದ ರಿಪೇರಿಯನ್ನು ಕಲಿತರು. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವಳು ನಾನೇ ಮೊದಲು. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಆ ಗಾಜಿನ ಪೆಟ್ಟಿಗೆಯಿಂದಲೇ ಬಂದುವು. ಈಗ ಗಡಿಯಾರ ಸರಿಮಾಡಿಸಲು ಬರುವವರು ಕಡಮೆ. ಪೆಟ್ಟಿಗೆಯ ಮುಕ್ಕಾಲು ಭಾಗವನ್ನು ಮೊಬೈಲಿನ ಕವರು, ಕೇಬಲ್ಲು, ಇಯರ್‌ಫೋನುಗಳು ಆಕ್ರಮಿಸಿವೆ. ಭಾನುವಾರಗಳಲ್ಲಿ ನಾನೂ ಅಲ್ಲಿ ಕೂರುವುದುಂಟು.

ಕಳೆದ ದೀಪಾವಳಿಗೆ ಕೆಲವು ದಿನ ಮುಂಚೆ ಬಿ.ಟಿ.ಎಂ. ಲೇಔಟಿನ ಒಂದು ಪಿ.ಜಿ.ಯಲ್ಲಿದ್ದುಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಬಂದ. ಒಂದು ಕೋಣೆಯಲ್ಲಿ ನಾಲ್ಕು ಮಂದಿ. ಪಾಠಗಳನ್ನು ಮೊಬೈಲಿನಲ್ಲಿ ಕೇಳಬೇಕಾದರೆ ಕಿವಿಗೆ ಏನಾದರೂ ಇಟ್ಟುಕೊಳ್ಳಲೇಬೇಕು. ಹದಿನಾಲ್ಕು ತಿಂಗಳ ಹಿಂದೆ 1,200 ರೂಪಾಯಿ ಕೊಟ್ಟು ಕೊಂಡಿದ್ದ ಇಯರ್‌ಬಡ್ಸನ್ನು ಮುಂದಿಟ್ಟು, "ಬಲಗಿವೀದು ಹತ್ತು ನಿಮಿಷಕ್ಕೇ ಆರಿಹೋಗುತ್ತೆ ಅಣ್ಣಾ, ಏನಾದ್ರೂ ಮಾಡ್ಕೊಡಿ" ಎಂದ. ನಮ್ಮ ತಂದೆಯವರು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ಹತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಇಲ್ಲಪ್ಪ, ಇದು ನನ್ನ ಕೈಲಾಗಲ್ಲ" ಎಂದರು. ಹುಡುಗ ಅದನ್ನು ಅಲ್ಲಿಯೇ ಬಿಟ್ಟು ಹೋದ.

ಆ ರಾತ್ರಿ ಊಟವಾದ ಮೇಲೆ ತಂದೆಯವರು ಅದನ್ನು ನನ್ನ ಅಂಗೈಯಲ್ಲಿಟ್ಟು, "ನೋಡವ್ವಾ, ಇದಕ್ಕೆ ಒಂದು ಸ್ಕ್ರೂನೂ ಇಲ್ಲ. ಬಿಚ್ಚೋದು ಹ್ಯಾಗೆ? ಓದಿರೋಳು ನೀನು, ಹೇಳು ನೋಡಾನ" ಎಂದರು. ನಾನು ಓದಿರುವುದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಸುಮ್ಮನಾದೆ. ಆದರೆ ಅವರ ಮುಖ ಮಾತ್ರ ಮರೆಯಲಿಲ್ಲ. ನಲವತ್ತು ವರ್ಷಗಳ ಹತ್ತಿರ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮುಟದಿಂದ ಹಿಡಿದು ಕೂಡಿಸಿದ ಕೈ, ಹುಣಿಸೆಬೀಜಕ್ಕಿಂತ ತುಸು ದೊಡ್ಡದಾದ ವಸ್ತುವಿನ ಮುಂದೆ ಸೋತಿತ್ತು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದು ವಸ್ತು ದುರಸ್ತಿಗೆ ಯೋಗ್ಯವಾಗಿದೆ ಎಂದರೇನು? ನನಗೆ ತೋರುವಂತೆ ಅದಕ್ಕೆ ಮೂರು ಲಕ್ಷಣಗಳಿರಬೇಕು. ಮೊದಲನೆಯದಾಗಿ, ಒಡೆಯದೆ ಅದನ್ನು ಬಿಚ್ಚಲು ಬರಬೇಕು. ಎರಡನೆಯದಾಗಿ, ಕೆಟ್ಟ ಭಾಗಕ್ಕೆ ಬದಲಿ ಭಾಗ ಪೇಟೆಯಲ್ಲಿ ಸಿಕ್ಕಬೇಕು. ಮೂರನೆಯದಾಗಿ, ಬಿಡಿಭಾಗದ ಬೆಲೆಯೂ ಕೂಲಿಯೂ ಸೇರಿ ಹೊಸ ವಸ್ತುವಿನ ಬೆಲೆಗಿಂತ ಸಾಕಷ್ಟು ಕೆಳಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ದುರಸ್ತಿಯೆಂಬುದು ಬರಿಯ ಮಾತಾಗಿ ಉಳಿಯುತ್ತದೆ.

ಈ ಮೂರೂ ಕೂಡಿದ್ದ ಸಣ್ಣ ವಸ್ತುವೊಂದು ನಮ್ಮ ಊರಿನಲ್ಲಿಯೇ ತಯಾರಾಗುತ್ತಿತ್ತು. ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಲ್ಲರೂ ಬಲ್ಲ ಎಚ್.ಎಂ.ಟಿ., 1953ರಲ್ಲಿ ಸ್ಥಾಪಿತವಾದ ಸರ್ಕಾರಿ ಉದ್ಯಮ. ಅದು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಅದರ 'ಜನತಾ' ಎಂಬ ಗಡಿಯಾರವು ದಿನಕ್ಕೊಮ್ಮೆ ಕೀ ಕೊಡಬೇಕಾದ, 17 ಜ್ಯುವೆಲ್ಲುಗಳ ಯಂತ್ರ. ಜ್ಯುವೆಲ್ಲೆಂದರೆ ಚಕ್ರಗಳ ಮೊನೆ ಸವೆಯದಂತೆ ತಡೆಯುವ ಸಣ್ಣ ಕೆಂಪು ಕಲ್ಲು. ಹಿಂಬದಿಯ ಮುಚ್ಚಳವನ್ನು ತೆಗೆದರೆ ಒಳಗಿನದೆಲ್ಲ ಕಣ್ಣಿಗೆ ಬೀಳುತ್ತದೆ. ಶಕ್ತಿಯನ್ನು ಕೂಡಿಡುವ ದೊಡ್ಡ ಸ್ಪ್ರಿಂಗು, ಅದನ್ನು ಹಂತಹಂತವಾಗಿ ಸಾಗಿಸುವ ಹಲ್ಲಿನ ಚಕ್ರಗಳು, ಅತ್ತಿತ್ತ ತೂಗಾಡುತ್ತ ಕಾಲವನ್ನು ಅಳೆಯುವ ಬ್ಯಾಲೆನ್ಸ್ ಚಕ್ರ, ಅದಕ್ಕೆ ಸುತ್ತಿದ ಕೂದಲೆಳೆಯ ಸ್ಪ್ರಿಂಗು. ಚಕ್ರಗಳನ್ನೆಲ್ಲ ಹಿಡಿದಿರುವುದು ಸೇತುವೆಯಂಥ ಸಣ್ಣ ತಗಡುಗಳು. ಆ ತಗಡುಗಳನ್ನು ಹಿಡಿದಿರುವುದು ಸ್ಕ್ರೂಗಳು. ಎಣ್ಣೆ ಒಣಗಿ ಧೂಳು ಸೇರಿ ಗಡಿಯಾರ ನಿಧಾನವಾದರೆ ಎಲ್ಲವನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಮತ್ತೆ ಕೂಡಿಸಬಹುದು. ಸ್ಪ್ರಿಂಗು ತುಂಡಾದರೆ ಸ್ಪ್ರಿಂಗನ್ನು ಮಾತ್ರ ಬದಲಾಯಿಸಬಹುದು. ಕೇಂದ್ರ ಸರ್ಕಾರವು 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೂ ತಾತನ ಗಡಿಯಾರವನ್ನು ಹಿಡಿದುಕೊಂಡು ಬರುವ ಮೊಮ್ಮಕ್ಕಳು ನಮ್ಮ ಪೆಟ್ಟಿಗೆಯ ಮುಂದೆ ಈಗಲೂ ಆಗಾಗ ನಿಲ್ಲುತ್ತಾರೆ. ಒಂದು ಕೆಟ್ಟ ಗಡಿಯಾರದ ಚಕ್ರವು ಇನ್ನೊಂದಕ್ಕೆ ಜೀವ ಕೊಡುತ್ತದೆ. ತಯಾರಿಸಿದ ಕಾರ್ಖಾನೆಗಿಂತ ತಯಾರಾದ ವಸ್ತುವಿನ ಆಯುಸ್ಸು ಹೆಚ್ಚಾಯಿತು.

ಇನ್ನು ಇಂದಿನ ಸಾಮಾನುಗಳಿಗೆ ಬರೋಣ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವಾದುದರಿಂದ ಮೂರನ್ನು ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯದು ತಂತಿಯ ಇಯರ್‌ಫೋನು. ಇದರಲ್ಲಿ ಧ್ವನಿಯನ್ನು ಹುಟ್ಟಿಸುವ ಭಾಗವು ಬೇಗ ಕೆಡುವುದಿಲ್ಲ. ಕೆಡುವುದು ತಂತಿ, ಅದರಲ್ಲಿಯೂ ಮೊಬೈಲಿಗೆ ಸಿಕ್ಕಿಸುವ 3.5 ಮಿಲಿಮೀಟರಿನ ಜಾಕಿನ ಕತ್ತಿನಲ್ಲಿ. ಜೇಬಿನಲ್ಲಿಟ್ಟಾಗ ಮಡಿಸುವುದು, ಎಳೆಯುವುದು ಎಲ್ಲ ಆ ಒಂದು ಅಂಗುಲದ ಮೇಲೆಯೇ ಬೀಳುತ್ತದೆ. ಒಳಗಿನ ತಾಮ್ರದ ಎಳೆಗಳು ಕೂದಲಿಗಿಂತ ತೆಳು. ಪ್ರತಿ ಎಳೆಗೂ ಬಣ್ಣದ ಲೇಪವಿರುತ್ತದೆ. ಮುರಿಯದಿರಲೆಂದು ನಡುವೆ ನೂಲಿನ ಎಳೆಯೊಂದನ್ನು ಹೆಣೆದಿರುತ್ತಾರೆ. ಆದುದರಿಂದ ಎರಡು ತುದಿಗಳನ್ನು ಸುಮ್ಮನೆ ತಿರುಚಿ ಕಟ್ಟಿದರೆ ಕೆಲಸ ನಡೆಯದು. ಲೇಪವನ್ನು ಬಿಸಿಯಿಂದ ಸುಟ್ಟು ತೆಗೆದು, ತುದಿಗೆ ಸೀಸ ಹಿಡಿಸಿ, ಹೊಸ ಜಾಕಿಗೆ ಸೋಲ್ಡರ್ ಮಾಡಬೇಕು. ಜಾಕಿನ ತುದಿಯು ಎಡಗಿವಿಗೆ, ಅದರ ಹಿಂದಿನ ಉಂಗುರವು ಬಲಗಿವಿಗೆ. ಅದರ ಹಿಂದಿನ ಎರಡರಲ್ಲಿ ಒಂದು ಇಬ್ಬರಿಗೂ ಸೇರಿದ ವಾಪಸು ದಾರಿ, ಇನ್ನೊಂದು ಮಾತನಾಡುವ ಮೈಕಿಗೆ. ಈ ಕೆಲಸವನ್ನು ನಮ್ಮ ತಂದೆಯವರು ಇಪ್ಪತ್ತು ನಿಮಿಷಗಳಲ್ಲಿ ಮಾಡುತ್ತಾರೆ; ನಾನು ನಲವತ್ತು ನಿಮಿಷಗಳಲ್ಲಿ ಮಾಡುತ್ತೇನೆ. ಬಿಡಿ ಜಾಕುಗಳು ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಕ್ಕುತ್ತವೆ. ಅಂದರೆ ಮೇಲೆ ಹೇಳಿದ ಮೂರು ಲಕ್ಷಣಗಳಲ್ಲಿ ಎರಡು ಇಲ್ಲಿ ನಿಸ್ಸಂದೇಹವಾಗಿ ಇವೆ.

ಎರಡನೆಯದು ಚಾರ್ಜರು. ಇಲ್ಲಿ ನಾನು ದುರಸ್ತಿಯ ಪಕ್ಷವನ್ನು ಸ್ವಲ್ಪ ಬಿಟ್ಟುಕೊಡಬೇಕಾಗಿದೆ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಚಾರ್ಜರಿನೊಳಗೆ ಮೊದಲು ಏಕಮುಖವಾಗಿ ಮಾಡುತ್ತಾರೆ; ಆಗ ಅದು ಸುಮಾರು 325 ವೋಲ್ಟಿನವರೆಗೆ ಏರುತ್ತದೆ. ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಬೆರಳುಗುರಿನಷ್ಟು ಪರಿವರ್ತಕದ ಮೂಲಕ ಹಾಯಿಸಿ 5 ವೋಲ್ಟಿಗೆ ಇಳಿಸುತ್ತಾರೆ. ಪ್ಲಗ್ಗಿನಿಂದ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಸ್ವಲ್ಪ ಕಾಲ ಉಳಿದಿರಬಹುದು. ಅಧಿಕ ವೋಲ್ಟಿನ ಬದಿಗೂ ನಮ್ಮ ಕೈ ತಗಲುವ ಬದಿಗೂ ನಡುವೆ ಬಿಟ್ಟಿರುವ ಅಂತರವೇ ನಮ್ಮ ಪ್ರಾಣರಕ್ಷೆ. ಆದುದರಿಂದಲೇ ಎರಡು ಹೋಳುಗಳನ್ನು ಶಬ್ದಾತೀತ ಕಂಪನದಿಂದ ಕರಗಿಸಿ ಒಂದಾಗಿ ಬೆಸೆಯುತ್ತಾರೆ. ಇದನ್ನು ಮನೆಯಲ್ಲಿ ಬಿಚ್ಚುವುದು ಜಾಣತನವಲ್ಲ. ಇಲ್ಲಿ ಕೇಳಬೇಕಾದುದು ಗಟ್ಟಿತನವನ್ನು. ಭಾರತೀಯ ಮಾನಕ ಬ್ಯೂರೋದಲ್ಲಿ ಇಂಥ ವಸ್ತುಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂಬ ಆಜ್ಞೆಯು 2012ರಲ್ಲಿಯೇ ಹೊರಟಿತು; ಕೊಳ್ಳುವಾಗ ಆ ಗುರುತನ್ನು ನೋಡುವುದು ಒಳ್ಳೆಯದು.

ಆದರೆ ಚಾರ್ಜರಿನ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. ಮೊದಲು ಬರುತ್ತಿದ್ದ ಎಷ್ಟೋ ಚಾರ್ಜರುಗಳಲ್ಲಿ ತಂತಿಯೂ ಪೆಟ್ಟಿಗೆಯೂ ಒಂದೇ ಆಗಿದ್ದುವು. ತಂತಿ ತುಂಡಾದರೆ ಚೆನ್ನಾಗಿದ್ದ ಪೆಟ್ಟಿಗೆಯೂ ಕಸಕ್ಕೆ ಹೋಗುತ್ತಿತ್ತು. ಆಮೇಲೆ ಯು.ಎಸ್.ಬಿ. ಎಂಬ ಒಂದೇ ಬಗೆಯ ತೂತು ಬಂದು ಕೇಬಲ್ಲು ಬೇರೆಯಾಯಿತು. ಈಗ ಕೇಬಲ್ಲು ಹೋದರೆ ಕೇಬಲ್ಲನ್ನು ಮಾತ್ರ ಕೊಳ್ಳುತ್ತೇವೆ. ಯಾರೂ ಸ್ಕ್ರೂ ಬಿಚ್ಚಲಿಲ್ಲ, ಯಾರೂ ಸೋಲ್ಡರ್ ಮಾಡಲಿಲ್ಲ. ಆದರೂ ಇದು ದುರಸ್ತಿಯೇ. ಬೇಗ ಸವೆಯುವ ಭಾಗವನ್ನು ಬಹುಕಾಲ ಬಾಳುವ ಭಾಗದಿಂದ ಬೇರ್ಪಡಿಸಿದುದರಿಂದ ಈ ಲಾಭವಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ. ಲೇಖನದ ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಮೂರನೆಯದು ತಂತಿಯಿಲ್ಲದ ಇಯರ್‌ಬಡ್ಸು. ಆಪಲ್ ಕಂಪನಿಯು 2016ರಲ್ಲಿ ತನ್ನ ಐಫೋನ್ 7ರಿಂದ ಇಯರ್‌ಫೋನಿನ ತೂತನ್ನೇ ತೆಗೆದುಹಾಕಿತು. ಅದೇ ವರ್ಷ ಏರ್‌ಪಾಡ್ಸ್ ಎಂಬ ಬಡ್ಸನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಉಳಿದ ಕಂಪನಿಗಳೂ ಆ ದಾರಿ ಹಿಡಿದುವು. ಇಂದು ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಸುತ್ತ ನೋಡಿದರೆ ಬಡ್ಸಿಲ್ಲದ ಕಿವಿಗಳನ್ನು ಹುಡುಕಬೇಕಾಗಿದೆ. ಪ್ರತಿಯೊಂದು ಬಡ್ಡಿನೊಳಗೂ ಲಿಥಿಯಂ ಬ್ಯಾಟರಿಯೊಂದಿರುತ್ತದೆ. ಲಿಥಿಯಂ ಬ್ಯಾಟರಿಯು ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಬರಿದಾದ ಮೇಲೆ ತನ್ನ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ. ಅಲ್ಲಿಂದ ಮುಂದೆ ಇಳಿಯುತ್ತಲೇ ಹೋಗುತ್ತದೆ. ಬಡ್ಡಿನ ಬ್ಯಾಟರಿ ಬಹಳ ಸಣ್ಣದಾದುದರಿಂದ ದಿನಕ್ಕೊಮ್ಮೆಯಾದರೂ ತುಂಬಲೇಬೇಕು. ದಿನಕ್ಕೊಮ್ಮೆಯಂತೆ 500 ಸಲವೆಂದರೆ ಒಂದೂವರೆ ವರ್ಷಕ್ಕಿಂತ ಕಡಮೆ. ಪಿ.ಜಿ.ಯ ಹುಡುಗನ ಹದಿನಾಲ್ಕು ತಿಂಗಳಿನ ಲೆಕ್ಕ ಈಗ ಅರ್ಥವಾಗುತ್ತದೆ. ಅವನ ಬಡ್ಡು ಅಕಾಲದಲ್ಲಿ ಸತ್ತಿರಲಿಲ್ಲ. ಅದರ ಆಯುಸ್ಸನ್ನು ಬ್ಯಾಟರಿಯ ಜೊತೆಯಲ್ಲಿಯೇ ಬರೆದು ಕಳಿಸಿದ್ದರು.

ಧ್ವನಿಯ ಭಾಗ ಚೆನ್ನಾಗಿದೆ, ಮೈಕು ಚೆನ್ನಾಗಿದೆ, ಹೊರಕವಚ ಹೊಸದರಂತಿದೆ, ಹೋಗಿರುವುದು ಬ್ಯಾಟರಿಯೊಂದೇ. ಆದರೆ ಅದನ್ನು ತೆಗೆಯಬೇಕಾದರೆ ಅಂಟಿನಿಂದ ಮುಚ್ಚಿದ ಕವಚವನ್ನು ಸೀಳಬೇಕು. ಸೀಳುವಾಗ ಬ್ಯಾಟರಿಗೆ ಚೂಪು ತಗಲಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು. ಮೇಲೆ ಹೇಳಿದ ಏರ್‌ಪಾಡ್ಸನ್ನು ಬಿಚ್ಚಿ ಪರೀಕ್ಷಿಸಿದ ಅಮೆರಿಕದ ಐಫಿಕ್ಸಿಟ್ ಎಂಬ ಸಂಸ್ಥೆಯು ದುರಸ್ತಿಯ ಮಟ್ಟಿಗೆ ಅದಕ್ಕೆ 10ಕ್ಕೆ 0 ಅಂಕ ಕೊಟ್ಟಿತು. ಕೊರಳಿನ ನೆಕ್‌ಬ್ಯಾಂಡು ಈ ವಿಷಯದಲ್ಲಿ ವಾಸಿ. ಅದರೊಳಗಿನ ಚಪ್ಪಟೆ ಬ್ಯಾಟರಿಯ ಮೇಲೆ ಎಷ್ಟೋ ಸಲ ಆರಂಕಿಯ ಒಂದು ಸಂಖ್ಯೆಯಿರುತ್ತದೆ. ಉದಾಹರಣೆಗೆ 501230 ಎಂದಿದ್ದರೆ ದಪ್ಪ 5 ಮಿಲಿಮೀಟರು, ಅಗಲ 12, ಉದ್ದ 30 ಎಂದರ್ಥ. ಆ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಬದಲಿ ಸಿಕ್ಕುವ ಸಂಭವವುಂಟು. ಕವಚವನ್ನು ಒಡೆಯದೆ ಬಿಡಿಸಲು ಬಂದರೆ ಎರಡು ತಂತಿಗಳನ್ನು ಸೋಲ್ಡರ್ ಮಾಡಿದಲ್ಲಿಗೆ ಕೆಲಸ ಮುಗಿಯಿತು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕಾದುದು ನ್ಯಾಯ. ತಯಾರಕರು ಹೇಳಬಹುದು: ಕಿವಿಯೊಳಗಿಡುವ ವಸ್ತುವಿನಲ್ಲಿ ಸ್ಕ್ರೂವಿಗೆ ಜಾಗವೆಲ್ಲಿ? ಬೆವರು, ಮಳೆ ಒಳಗೆ ಇಳಿಯದಿರಬೇಕಾದರೆ ಅಂಟು ಬೇಡವೆ? ಬೆಲೆ ತಗ್ಗಬೇಕಾದರೆ ಬೇಗ ಬೇಗ ಜೋಡಿಸಬೇಡವೆ? ಈ ಮಾತುಗಳಲ್ಲಿ ಸತ್ಯವಿಲ್ಲದಿಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. ನೆದರ್‌ಲೆಂಡ್ಸಿನ ಫೇರ್‌ಫೋನ್ ಎಂಬ ಕಂಪನಿಯು 2024ರಲ್ಲಿ ಫೇರ್‌ಬಡ್ಸ್ ಎಂಬ ಇಯರ್‌ಬಡ್ಸನ್ನು ಹೊರತಂದಿತು. ಅದರ ಬಡ್ಡುಗಳಲ್ಲಿಯೂ ಡಬ್ಬಿಯಲ್ಲಿಯೂ ಬ್ಯಾಟರಿಯನ್ನು ಬದಲಾಯಿಸಬಹುದು. ಆಗದು ಎಂದುಕೊಂಡದ್ದು ಆಗಿದೆ.

ಎರಡನೆಯ ಆಕ್ಷೇಪಣೆ ಇನ್ನೂ ಬಲವಾದುದು. ನೂರೈವತ್ತು ರೂಪಾಯಿನ ಇಯರ್‌ಫೋನಿಗೆ ಅರ್ಧ ಗಂಟೆಯ ಕೂಲಿ ಕೊಟ್ಟು ಸರಿಮಾಡಿಸುವವನು ಯಾರು? ಇದನ್ನು ಕೇಳುವವರನ್ನು ದುಂದುಗಾರರೆಂದು ಹಳಿಯುವುದು ಸುಲಭ. ಆದರೆ ಅವರ ಲೆಕ್ಕ ತಪ್ಪೇನಲ್ಲ. ರಿಪೇರಿಯವನೂ ಮನೆ ನಡೆಸಬೇಕು. ಯಂತ್ರವು ಸಾವಿರಗಟ್ಟಲೆ ತಯಾರಿಸಿದ್ದನ್ನು ಕೈಯು ಒಂದೊಂದಾಗಿ ಸರಿಮಾಡಬೇಕಾದಾಗ ಕೈಗೆ ಸೋಲು ಸಹಜ. ನಮ್ಮ ತಂದೆಯವರು ಜಾಕು ಹಾಕಿಕೊಡಲು 60 ರೂಪಾಯಿ ಕೇಳಿದರೆ ಗಿರಾಕಿಗಳಲ್ಲಿ ಅನೇಕರು ನಕ್ಕು ಹೊಸದನ್ನೇ ಕೊಂಡು ಹೋಗುತ್ತಾರೆ. ಹೊಸದನ್ನು ಮಾರುವವರೂ ಅವರೇ ಆದುದರಿಂದ ನಷ್ಟವೇನೂ ಇಲ್ಲವೆಂದು ಹೇಳಬಹುದು. ಆದರೂ ಆ ಮಾರಾಟದ ದಿನ ಅವರು ಅಷ್ಟು ಸಂತೋಷದಿಂದ ಮನೆಗೆ ಬರುವುದಿಲ್ಲವೆಂಬುದನ್ನು ನಾನು ಗಮನಿಸಿದ್ದೇನೆ.

ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಸರಾಸರಿ ವೆಚ್ಚವನ್ನು ಇಲ್ಲಿ ಪ್ರಯೋಗಿಸಿ ನೋಡೋಣ. 150 ರೂಪಾಯಿನ ಇಯರ್‌ಫೋನು ನಾಲ್ಕು ತಿಂಗಳು ಬಾಳಿದರೆ ತಿಂಗಳಿಗೆ ಮೂವತ್ತೇಳೂವರೆ ರೂಪಾಯಿ. 60 ರೂಪಾಯಿ ಕೊಟ್ಟು ಸರಿಮಾಡಿಸಿ ಇನ್ನು ನಾಲ್ಕು ತಿಂಗಳು ಬಳಸಿದರೆ ಎಂಟು ತಿಂಗಳಿಗೆ 210. ತಿಂಗಳಿಗೆ ಇಪ್ಪತ್ತಾರು ರೂಪಾಯಿ ಚಿಲ್ಲರೆ. ಉಳಿತಾಯವುಂಟು, ಆದರೆ ಓಡಾಟದ ತೊಂದರೆಯನ್ನು ಎಣಿಸಿದರೆ ದೊಡ್ಡದಲ್ಲ. ಈಗ 1,200 ರೂಪಾಯಿನ ವಸ್ತುವನ್ನು ತೆಗೆದುಕೊಳ್ಳಿ. ಹದಿನೆಂಟು ತಿಂಗಳು ಬಾಳಿದರೆ ತಿಂಗಳಿಗೆ ಸುಮಾರು 67 ರೂಪಾಯಿ. ಬ್ಯಾಟರಿಯನ್ನು ಕೂಲಿಯೂ ಸೇರಿ 250 ರೂಪಾಯಿಗೆ ಬದಲಾಯಿಸಲು ಬಂದು ಇನ್ನು ಹದಿನೆಂಟು ತಿಂಗಳು ನಡೆದರೆ ಮೂವತ್ತಾರು ತಿಂಗಳಿಗೆ 1,450. ತಿಂಗಳಿಗೆ ಸುಮಾರು 40. ಇಲ್ಲಿ ಉಳಿತಾಯ ಕಣ್ಣಿಗೆ ಕಾಣುವಂಥದು. ಆದುದರಿಂದ ಸಣ್ಣ ವಸ್ತುವೆಂದರೆ ಅಗ್ಗದ ವಸ್ತುವೆಂದು ತಿಳಿಯಬಾರದು. ಗಾತ್ರದಲ್ಲಿ ಸಣ್ಣದು, ಬೆಲೆಯಲ್ಲಿ ಒಂದು ಮನೆಯ ಅರ್ಧ ತಿಂಗಳ ಹಾಲಿನ ಲೆಕ್ಕ, ಹೀಗಿರುವ ವಸ್ತುಗಳೇ ಈಗ ಹೆಚ್ಚಾಗಿವೆ. ಉಳ್ಳವರಿಗೆ ಇದು ಬೇಸರ ಮಾತ್ರ, ಪಿ.ಜಿ.ಯಲ್ಲಿ ಓದುವ ಹುಡುಗನಿಗೆ ಒಂದು ತಿಂಗಳ ಪುಸ್ತಕ.

ಇದು ನಮ್ಮ ಜೇಬಿನ ಲೆಕ್ಕ. ಜೇಬಿನಿಂದ ಹೊರಗೆ ಹೋದ ಮೇಲೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲೆಲ್ಲ ಹುಟ್ಟಿದ ಎಲೆಕ್ಟ್ರಾನಿಕ್ ಕಸವು 6.2 ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಕ್ಕೆ ದಾಖಲೆ ಇರುವುದು ಶೇಕಡ 22.3ಕ್ಕೆ ಮಾತ್ರ. ಸಣ್ಣ ಉಪಕರಣಗಳದೇ ಸುಮಾರು 2 ಕೋಟಿ ಟನ್ನು. ಅವುಗಳಲ್ಲಿ ಮರುಬಳಕೆಗೆ ಹೋದುದು ಇನ್ನೂ ಕಡಮೆ, ಶೇಕಡ 12. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೆಟ್ಟ ಫ್ರಿಜ್ಜನ್ನು ಯಾರೂ ಕಸದ ಬುಟ್ಟಿಗೆ ಹಾಕುವುದಿಲ್ಲ, ಹಾಕಲು ಆಗುವುದೂ ಇಲ್ಲ. ಗುಜರಿಯವನು ಮನೆಗೇ ಬಂದು ದುಡ್ಡು ಕೊಟ್ಟು ಒಯ್ಯುತ್ತಾನೆ. ಇಯರ್‌ಬಡ್ಡನ್ನು ಬಾಳೆಹಣ್ಣಿನ ಸಿಪ್ಪೆಯ ಜೊತೆಯಲ್ಲಿ ಎಸೆಯಬಹುದು, ಯಾರಿಗೂ ಗೊತ್ತಾಗದು. ಕಸದ ಲಾರಿಯಲ್ಲಿ ಅದುಮಿಸಿಕೊಂಡಾಗ ಅದರ ಬ್ಯಾಟರಿ ಬೆಂಕಿಗೆ ಕಾರಣವಾಗಬಹುದು. ಕೇಬಲ್ಲುಗಳನ್ನು ತಾಮ್ರಕ್ಕಾಗಿ ಬಯಲಿನಲ್ಲಿ ಸುಡುವ ಕಡೆಗಳಲ್ಲಿ ಆ ಹೊಗೆಯನ್ನು ಕುಡಿಯುವವರು ಅದನ್ನು ಆಯುವ ಬಡವರೇ. ನಮ್ಮ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕವು ಇಂಥ ಕಸವನ್ನು ಕ್ರಮವಾಗಿ ಬಿಡಿಸುವ ಕೆಲಸವನ್ನು ದೇಶದಲ್ಲಿಯೇ ಮೊದಲಿಗರ ಸಾಲಿನಲ್ಲಿ ನಿಂತು ಆರಂಭಿಸಿತು. ಆದರೆ ನಮ್ಮ ಕೈಯಿಂದ ಅಲ್ಲಿಗೆ ತಲುಪಿದರೆ ತಾನೆ?

ಕಾನೂನು ಏನು ಹೇಳುತ್ತದೆ? 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ತಯಾರಿಸಿದವರೇ ಕಸದ ಹೊಣೆಯನ್ನೂ ಹೊರಬೇಕೆಂಬುದು ಅವುಗಳ ತಿರುಳು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ವಿಷಯವಾಗಿ ಸಮಿತಿಯೊಂದನ್ನು ರಚಿಸಿತು. ವಸ್ತುವೊಂದು ಎಷ್ಟರಮಟ್ಟಿಗೆ ದುರಸ್ತಿಗೆ ಯೋಗ್ಯವೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇನ್ನೊಂದು ಸಮಿತಿಯು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಆ ವರದಿಯು ಮೊದಲಿಗೆ ತೆಗೆದುಕೊಂಡಿರುವುದು ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳನ್ನು. ಯೂರೋಪಿನಲ್ಲಿ ಸಣ್ಣ ವಸ್ತುಗಳೂ ಲೆಕ್ಕಕ್ಕೆ ಬಂದಿವೆ. 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರುವ ಇಯರ್‌ಬಡ್ಸಿಗೂ ಒಂದೇ ಬಗೆಯ ಟೈಪ್-ಸಿ ತೂತಿರಬೇಕು. 2027ರ ಫೆಬ್ರುವರಿ 18ರಿಂದ ಕೈಸಾಮಾನುಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕಲು ಬರುವಂತಿರಬೇಕೆಂದು ವಿಧಿಸಿದ್ದಾರೆ. ಕೆಲವು ವಿನಾಯಿತಿಗಳೂ ಉಂಟು. ನಮ್ಮಲ್ಲಿಯೂ ಸಣ್ಣದರ ಸರದಿ ಬರಬೇಕು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗುತ್ತೇನೆ. ಸಣ್ಣ ಸಾಮಾನಿನ ಪ್ರತಿಯೊಂದು ಭಾಗವನ್ನೂ ಗಡಿಯಾರದಂತೆ ಬಿಚ್ಚಿ ಕೂಡಿಸಲು ಬರಬೇಕೆಂದು ಕೇಳುವುದು ಅತಿಯಾಸೆ. ಚಾರ್ಜರಿನ ವಿಷಯದಲ್ಲಿ ಅದು ಅಪಾಯ ಕೂಡ. ಕೇಳಬೇಕಾದುದು ಒಂದನ್ನೇ: ಯಾವ ಭಾಗವು ಮೊದಲು ಸವೆಯುವುದೆಂದು ತಯಾರಿಸುವವನಿಗೆ ಗೊತ್ತೋ ಆ ಭಾಗವನ್ನು ಬೇರೆಯಾಗಿ ತೆಗೆಯಲು ಬರುವಂತಿಡಲಿ. ಇದು ಹೊಸ ಬುದ್ಧಿಯಲ್ಲ. ನಮ್ಮ ಅಜ್ಜನ ನೇಗಿಲಿನಲ್ಲಿ ಸವೆಯುವುದು ಗುಳ. ಗುಳ ಸವೆದಾಗ ಅದನ್ನು ಮಾತ್ರ ಕುಲುಮೆಗೆ ಒಯ್ದು ತಟ್ಟಿಸಿ ಮೊನೆ ಮಾಡಿಸುತ್ತಿದ್ದರೇ ಹೊರತು ನೇಗಿಲನ್ನು ಎಸೆಯುತ್ತಿರಲಿಲ್ಲ. ಹಳೆಯ ರೇಡಿಯೋದಲ್ಲಿ ಬೇಗ ಸಾಯುತ್ತಿದ್ದುದು ವಾಲ್ವು. ಅದನ್ನು ಬಲ್ಬಿನಂತೆ ಕೈಯಿಂದ ಕಿತ್ತು ಹೊಸದನ್ನು ಸಿಕ್ಕಿಸಬಹುದಾಗಿತ್ತು. ಅಂಥ ವಾಲ್ವುಗಳನ್ನು ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು, ಎಚ್.ಎಂ.ಟಿ. ಗಡಿಯಾರ ಹುಟ್ಟಿದ ಅದೇ 1961ರಲ್ಲಿ, ತಯಾರಿಸಲು ತೊಡಗಿತು. ಅಷ್ಟು ಹಿಂದೆ ಹೋಗುವುದೂ ಬೇಡ. ಅಡಿಗೆಮನೆಯ ಕುಕ್ಕರನ್ನೇ ನೋಡಿ. ಗ್ಯಾಸ್ಕೆಟ್ಟು ಸಡಿಲವಾಯಿತೆಂದು ಯಾವ ತಾಯಿಯಾದರೂ ಕುಕ್ಕರನ್ನು ಬೀದಿಗೆ ಹಾಕುತ್ತಾಳೆಯೆ? ಇಯರ್‌ಬಡ್ಡಿಗೆ ಬ್ಯಾಟರಿಯೇ ಗ್ಯಾಸ್ಕೆಟ್ಟು. ಅದನ್ನು ಅಂಟಿನಿಂದ ಮುಚ್ಚುವುದೆಂದರೆ ಗ್ಯಾಸ್ಕೆಟ್ಟನ್ನು ಕುಕ್ಕರಿಗೆ ಬೆಸೆದು ಮಾರಿದಂತೆ.

ವಿದ್ಯಾರ್ಥಿಗಳಾದ ನಮ್ಮಿಂದ ಆಗುವುದೇನು? ಕೊಳ್ಳುವಾಗ ಎರಡು ಪ್ರಶ್ನೆ ಕೇಳಬಹುದು: ಇದರಲ್ಲಿ ಮೊದಲು ಹೋಗುವುದು ಯಾವುದು? ಅದು ಹೋದರೆ ಅದನ್ನೊಂದೇ ಬದಲಾಯಿಸಲು ಬರುತ್ತದೆಯೆ? ಸಾವಿರ ಮಂದಿ ಕೇಳಿದರೆ ಅಂಗಡಿಯವನು ಕೇಳುತ್ತಾನೆ. ಅಂಗಡಿಯವನು ಕೇಳಿದರೆ ಕಂಪನಿಗೂ ಕೇಳಿಸುತ್ತದೆ. ಇನ್ನೊಂದು ಸೂಚನೆಯನ್ನು ಅಧ್ಯಾಪಕರ ಮುಂದೆ ವಿನಯದಿಂದ ಇಡುತ್ತೇನೆ. ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟೀನ್ ಪೋಸ್ಟ್‌ಮಾ ಎಂಬ ಮಹಿಳೆಯು 2009ರಲ್ಲಿ ರಿಪೇರ್ ಕೆಫೆ ಎಂಬುದನ್ನು ಆರಂಭಿಸಿದರು. ಬಲ್ಲವರು ಒಂದೆಡೆ ಕೂಡುವುದು, ಕೆಟ್ಟ ವಸ್ತು ತಂದವರು ಪಕ್ಕದಲ್ಲಿ ಕುಳಿತು ಕಲಿಯುತ್ತ ಸರಿಮಾಡಿಸಿಕೊಳ್ಳುವುದು, ಇಷ್ಟೇ ಅದರ ಕ್ರಮ. ಬೆಂಗಳೂರಿನಲ್ಲಿಯೂ 2015ರಲ್ಲಿ ಅಂಥದು ಮೊದಲಾಯಿತು. ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಂದು ದಿನ ಇದನ್ನು ನಡೆಸಬಾರದೇಕೆ? ಸರಿಯಾಗದ ವಸ್ತುಗಳಿಗೆ ಒಂದು ಪೆಟ್ಟಿಗೆಯನ್ನಿಟ್ಟು ಕ್ರಮವಾದ ಘಟಕಕ್ಕೆ ಕಳಿಸಿಕೊಡಬಹುದು. ಸೋಲ್ಡರಿಂಗ್ ಐರನ್ನು ಹಿಡಿದು ಬಂದು ಕೂರಲು ಒಬ್ಬರು ಸಿದ್ಧರಿದ್ದಾರೆಂಬುದನ್ನು ನಾನು ಈಗಲೇ ಹೇಳಬಲ್ಲೆ.

ಇದನ್ನೆಲ್ಲ ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ತಂದೆಯವರ ಮುಂದೆ ಓದಿದೆ. ಅವರು ನಡುವೆ ಮಾತನಾಡಲಿಲ್ಲ. ಅಂಟಿನ ಭಾಗ ಬಂದಾಗ ಮಾತ್ರ ತಡೆದು, "ಅಂದ್ರೆ ಬಿಚ್ಚೋಕೆ ಬರದ ಹಾಗೇ ಮಾಡವ್ರೆ ಅನ್ನು" ಎಂದರು. "ಹೌದಪ್ಪಾ. ಸ್ವಲ್ಪ ನೀರು ಹೋಗದಿರಲಿ ಅಂತ, ಸ್ವಲ್ಪ ಬೇಗ ಜೋಡಿಸೋಕೆ, ಸ್ವಲ್ಪ ನಾವು ಹೊಸದು ಕೊಳ್ಳಲಿ ಅಂತ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಕಣ್ಣು ಮಂಜಾಗಿದ್ದಕ್ಕೆ ಅಲ್ಲ" ಎಂದರು. ಅಷ್ಟು ದಿನವೂ ಅವರು ತಮ್ಮ ಕಣ್ಣನ್ನೂ ಕೈಯನ್ನೂ ಅನುಮಾನಿಸುತ್ತಿದ್ದರೆಂದು ನನಗೆ ತಿಳಿದದ್ದು ಆಗಲೇ.

ಆ ಹುಡುಗ ಮತ್ತೆ ಒಂದು ದಿನ ಬಂದಿದ್ದ. ಅವನ ಮೊಬೈಲಿನಲ್ಲಿ ಜಾಕಿನ ತೂತು ಇದೆಯೆಂದು ನೋಡಿಕೊಂಡು ತಂದೆಯವರು ಒಂದು ತಂತಿಯ ಇಯರ್‌ಫೋನನ್ನು ಕೊಟ್ಟು, "ವೈರ್ ಹೋದ್ರೆ ಬಿಸಾಕಬೇಡ, ತಗೊಂಬಾ, ಇದಾದ್ರೆ ನನ್ನ ಕೈಲಾಗುತ್ತೆ" ಎಂದರು. ಅವನು ಇನ್ನೂ ತಂದಿಲ್ಲ. ತಂತಿ ಇನ್ನೂ ಗಟ್ಟಿಯಾಗಿರಬೇಕು.